ಹಳೆ ಟ್ರಕ್ಕಿಗೆ ಬ್ರೇಕ್ ಹೋಸ್: ಮೊದಲು ಬ್ರಾಕೆಟ್, ಆಮೇಲೆ ಉದ್ದ

ಮಹೀಂದ್ರ ಎಫ್‌ಸಿ-150ರ ಮುಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿ, ಬ್ಲೇಡ್ ಸೆಟ್ಟನ್ನು (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) 50 ಮಿ.ಮೀ. ಎತ್ತರಿಸಿದ ಮೇಲೆ ಬ್ರೇಕ್ ಆಯಿಲ್ ಹರಿಯುವ ಹಳೆಯ ಹೋಸ್ ಪೈಪು ಒಂದೂ ಕೆಲಸಕ್ಕೆ ಬರುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದೆಂದರೆ, ಪುಣೆಯ ನಾನಾ ಪೇಠೆಗೆ ಹೋಗಿ ‘ಇದಕ್ಕಿಂತ ನಾಲ್ಕಿಂಚು ಉದ್ದದ್ದು ಕೊಡಿ’ ಎಂದು ಕೇಳುವುದು. ಉದ್ದದ ಹೋಸ್ ಬ್ಲೇಡ್ ಇಳಿಬಿದ್ದಾಗ ಸಾಕಾಗುತ್ತದೆ. ಬ್ಲೇಡ್ ಕುಗ್ಗಿದಾಗ ಮಿಕ್ಕ ಉದ್ದ ಎಲ್ಲಿಗಾದರೂ ಹೋಗಲೇಬೇಕಲ್ಲ, ಅದು ಟೈರಿಗೆ ಹೋಗಿ ತಾಗುತ್ತದೆ. ಅದಕ್ಕೇ ಭೋಸರಿಯ ಶೆಡ್ಡಿನಲ್ಲಿ ಈ ಟ್ರಕ್ಕಿನ ಕೆಲಸ ಹಿಡಿದಾಗ ಹೋಸ್ ಕೊಳ್ಳುವ ಮೊದಲೇ ಹೋಸಿನ ಮೇಲಿನ ತುದಿ ಹಿಡಿಯಲು ಚಾಸಿಯ ಮೇಲಿದ್ದ ಹಳೆಯ ಬ್ರಾಕೆಟ್ ಕಿತ್ತು ಹಾಕಿದೆ.

ಅಳತೆ ತೆಗೆಯುವಾಗ ಮೇನ್ ಬ್ಲೇಡ್ ಒಂದನ್ನು ಬಿಟ್ಟು ಉಳಿದ ಬ್ಲೇಡುಗಳನ್ನೆಲ್ಲ ಬಿಚ್ಚಿಟ್ಟೆ. ಹಾಗೆ ಮಾಡದಿದ್ದರೆ ಖಾಲಿ ಟ್ರಕ್ಕಿನ ಆಕ್ಸಲ್ ಜಾಕಿಗೆ ಬಂಪ್ ಸ್ಟಾಪಿನವರೆಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ಗಟ್ಟಿ) ಏರುವುದೇ ಇಲ್ಲ, ಚಾಸಿಯೇ ಮೇಲೇಳುತ್ತದೆ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಹಾಕಿಯೇ, ಆರು ಅಳತೆ ತೆಗೆದೆ: ಆಕ್ಸಲ್ ಪೂರ್ತಿ ಇಳಿದಾಗ ಮೂರು, ಬಂಪ್ ಸ್ಟಾಪಿಗೆ ತಾಗಿದಾಗ ಮೂರು, ಎರಡರಲ್ಲೂ ಸ್ಟಿಯರಿಂಗ್ ನೇರ, ಪೂರ್ತಿ ಎಡ, ಪೂರ್ತಿ ಬಲ. ಹಳೆಯ ಬ್ರಾಕೆಟ್ ಇದ್ದ ಜಾಗದಿಂದ, ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ಗೆ ಅತಿ ದೂರದ ಅಳತೆ 455 ಮಿ.ಮೀ., ಅತಿ ಹತ್ತಿರದ್ದು 240. ವ್ಯತ್ಯಾಸ 215. ಯಾವ ಹೋಸ್ ತಂದರೂ ಇಷ್ಟು ವ್ಯತ್ಯಾಸವನ್ನು ಅಚ್ಚುಕಟ್ಟಾಗಿ ನುಂಗುವುದಿಲ್ಲ.

ಸ್ಟಿಯರಿಂಗಿಗೆ ಚಕ್ರ ತಿರುಗುವುದು ನಿಲುವು ಗೂಟದಂಥ ಕಿಂಗ್‌ಪಿನ್ ಸುತ್ತ. ಹೋಸಿನ ಚಾಸಿ ಕಡೆಯ ತುದಿ ಆ ಗೂಟದ ಗೆರೆಗೆ ಹತ್ತಿರವಾದಷ್ಟೂ ಸ್ಟಿಯರಿಂಗ್ ತಿರುಗಿಸಿದಾಗ ಹೋಸ್ ಮೇಲೆ ಬೀಳುವ ಎಳೆತ ಕಡಿಮೆ. ಬ್ರಾಕೆಟ್ಟನ್ನು 90 ಮಿ.ಮೀ. ಹಿಂದಕ್ಕೆ ಸರಿಸಿ ಮತ್ತೆ ಅಳೆದರೆ ದೂರದ್ದು 390, ಹತ್ತಿರದ್ದು 260. ವ್ಯತ್ಯಾಸ 130ಕ್ಕೆ ಇಳಿಯಿತು. ಅದಕ್ಕೆ 420 ಮಿ.ಮೀ. ಹೋಸ್ ಆರಿಸಿದೆ, ಅಂದರೆ ಅತಿ ಎಳೆದಾಗಲೂ 30 ಮಿ.ಮೀ. ಸಡಿಲ. ಆರ್ಡರ್ ಕೊಡುವಾಗ ಉದ್ದ ಎಲ್ಲಿಂದ ಎಲ್ಲಿಗೆ ಎಂದು ಬಾಯಿಬಿಟ್ಟು ಹೇಳಬೇಕು. ನನ್ನ ಲೆಕ್ಕ ಬ್ಯಾಂಜೊ (ಬೋಲ್ಟು ತೂರುವ ಉಂಗುರದಂಥ ತುದಿ) ತೂತಿನ ನಡುವಿನಿಂದ ಇನ್ನೊಂದು ತುದಿಯಲ್ಲಿ ಪೈಪಿನ ಬಾಯಿ ಕೂರುವ ಸೀಟಿನವರೆಗೆ. ಅದರಲ್ಲಿ ಎರಡೂ ಕಡೆಯ ಕ್ರಿಂಪ್ (ಹೋಸಿಗೆ ಒತ್ತಿ ಕೂರಿಸಿದ ಲೋಹದ ತುದಿ) ಸೇರಿ 60–70 ಮಿ.ಮೀ. ಬಾಗುವುದೇ ಇಲ್ಲ, ಬಾಗುವುದು ಉಳಿದ ಭಾಗ ಮಾತ್ರ. ಬ್ರಾಕೆಟ್ 3 ಮಿ.ಮೀ. ದಪ್ಪದ ತಗಡು, ಬೋಲ್ಟು ಹಾಕಿ ಕೂರಿಸಿದ್ದು. ಹೋಸ್ ತುದಿ ತಿರುಗದಂತೆ ತೂತನ್ನು ಆರು ಮೂಲೆಯಾಗಿ ಅರದಿಂದ ಉಜ್ಜಿದೆ.

ಇನ್ನು ಹೋಸ್ ಯಾವುದು? ಭೋಸರಿ, ಚಾಕಣದ ಕಡೆ ಜೆಸಿಬಿಗೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡುವ ಅಂಗಡಿಗಳಲ್ಲಿ ‘ಇದು ಬ್ರೇಕಿಗಿಂತ ಜಾಸ್ತಿ ಪ್ರೆಶರ್ ತಡೆಯುತ್ತದೆ’ ಎಂದು ಆರ್1, ಆರ್2 ಹೋಸ್ ತೋರಿಸುತ್ತಾರೆ. ಖಂಡಿತ ಬೇಡ. ಅದರ ಒಳಪದರ ನೈಟ್ರೈಲ್ ರಬ್ಬರ್, ಪೆಟ್ರೋಲಿಯಂ ಎಣ್ಣೆಗೆ ಮಾಡಿದ್ದು. ಗ್ಲೈಕಾಲ್ ಮೂಲದ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕ್ ಹೋಸಿನ ಒಳಪದರ ಇಪಿಡಿಎಂ ರಬ್ಬರ್. ಅದಕ್ಕೆ ತದ್ವಿರುದ್ಧ ಸ್ವಭಾವ, ಎಂಜಿನ್ ಆಯಿಲ್ಲಿನ ನಾಲ್ಕು ಹನಿ ಸೇರಿದರೂ ಕೆಡುತ್ತದೆ. ಹಾಗಾಗಿ ಬ್ರೇಕ್ ಆಯಿಲ್ ಸುರಿಯುವ ಲಾಳಿಕೆಯನ್ನು ಬೇರೆ ಯಾವುದಕ್ಕೂ ಮುಟ್ಟಿಸಬಾರದು.

ನಾನು ಹಾಕಿದ್ದು 3.2 ಮಿ.ಮೀ. ಒಳವ್ಯಾಸದ, ಮೈಮೇಲೆ ಬ್ರೇಕ್ ಹೋಸಿನ ಮಾನದಂಡವಾದ ಎಸ್‌ಎಇ ಜೆ1401 ಎಂದು ಅಚ್ಚಾದ ರಬ್ಬರ್ ಹೋಸ್. ಸ್ಟೀಲ್ ಜಾಲರಿಯ ಟೆಫ್ಲಾನ್ ಹೋಸ್ ಹಾಕಿದರೆ ಪೆಡಲ್ ಗಟ್ಟಿಯಾಗುವುದು ನಿಜ. ಆದರೆ ಹಳೆ ಟ್ರಕ್ಕಿನಲ್ಲಿ ಪೆಡಲ್ ಮೆತ್ತಗಿರುವುದಕ್ಕೆ ಬಹುತೇಕ ಕಾರಣ ಉಳಿದ ಗಾಳಿ, ಇಲ್ಲವೇ ಹಿಂದಿನ ಡ್ರಮ್ಮಿನ ಅಡ್ಜಸ್ಟ್‌ಮೆಂಟ್. ಮಳೆಗಾಲದಲ್ಲಿ ಕೊಂಕಣದ ಕಡೆ ಓಡುವ ಗಾಡಿಗೆ ಬರಿ ಜಾಲರಿ ಇನ್ನೂ ಕೆಟ್ಟದ್ದು. ಮರಳು ಜಾಲರಿಯೊಳಗೆ ಹೊಕ್ಕು ಟೆಫ್ಲಾನನ್ನು ಕೊರೆಯುತ್ತದೆ, ಜಾಲರಿ ತಾನು ತಾಗಿದ್ದನ್ನೆಲ್ಲ ತೇಯುತ್ತದೆ. ಹಾಕಲೇಬೇಕೆಂದರೆ ಪಿವಿಸಿ ಹೊದಿಕೆ ಇರುವುದನ್ನೇ ಹಾಕಿ. ಯಾವುದೇ ಆಗಲಿ, ತಯಾರಿಕೆಯ ದಿನಾಂಕ ನೋಡಿಯೇ ದುಡ್ಡು ಕೊಡಿ.

ಥ್ರೆಡ್ ವಿಷಯದಲ್ಲಿ ಅವಸರ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಹಳೆಯ ಸ್ಟೀಲ್ ಪೈಪಿನ ನಟ್ಟು 3/8 ಇಂಚು, ಇಂಚಿಗೆ 24 ಥ್ರೆಡ್. ಹೊಸ ಕಾಲದ ಕ್ಯಾಲಿಪರ್, ಹೋಸ್‌ಗಳದ್ದು ಎಂ10, 1 ಮಿ.ಮೀ. ಪಿಚ್. 3/8 ಇಂಚು ಎಂದರೆ 9.525 ಮಿ.ಮೀ., ಪಿಚ್ 1.058. ಹೀಗಾಗಿ ಇಂಚಿನ ನಟ್ಟು ಎಂ10 ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ, ಜೋರಾಗಿ ಬ್ರೇಕ್ ತುಳಿದ ದಿನ ಕಿತ್ತು ಬರುತ್ತದೆ. ಕೈಗೆ ಅಲುಗಾಡಿದರೆ ಅಲ್ಲೇ ನಿಲ್ಲಿಸಿ ಥ್ರೆಡ್ ಗೇಜ್ ಹಿಡಿಯಿರಿ. ಫ್ಲೇರ್ (ಪೈಪಿನ ಅಗಲಿಸಿದ ಬಾಯಿ) ಕೂಡ ಬೇರೆ: ಹಳೆಯದು 45 ಡಿಗ್ರಿಯ ಡಬಲ್ ಫ್ಲೇರ್, ಎಂ10ರ ಕಡೆ ಹೆಚ್ಚಾಗಿ ಬಬಲ್ ಫ್ಲೇರ್, ಎಎನ್-3 ಎಂಬ ಇನ್ನೊಂದು ಬಗೆಯ ಫಿಟ್ಟಿಂಗಿಗೆ 37 ಡಿಗ್ರಿ. ಒಂದರ ಸೀಟಿನ ಮೇಲೆ ಇನ್ನೊಂದು ಕೂರುವುದಿಲ್ಲ. ನಾನು ಅಡಾಪ್ಟರ್ ಗೋಜಿಗೇ ಹೋಗದೆ, ಬ್ರಾಕೆಟ್‌ವರೆಗಿನ 4.75 ಮಿ.ಮೀ. ಸ್ಟೀಲ್ ಪೈಪನ್ನು ಹೊಸದಾಗಿ ಎಳೆದು ಎಂ10 ನಟ್ಟು, ಬಬಲ್ ಫ್ಲೇರ್ ಹಾಕಿದೆ.

ಜೋಡಿಸುವ ಕ್ರಮ ಹೀಗೆ. ಮೊದಲು ಕ್ಯಾಲಿಪರ್ ತುದಿ: ಬ್ಯಾಂಜೊದ ಎರಡೂ ಕಡೆ ಹೊಸ ತಾಮ್ರದ ವಾಷರ್, ಬೋಲ್ಟಿಗೆ 30 ನ್ಯೂಟನ್ ಮೀಟರ್ (ಕ್ಯಾಲಿಪರ್ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ). ಆಮೇಲೆ ಚಕ್ರ ನೇರ ಇಟ್ಟು, ಮೇಲಿನ ತುದಿಯನ್ನು ಕೈಬಿಟ್ಟು, ಹೋಸ್ ತಾನಾಗಿ ಎತ್ತ ತಿರುಗಿ ನಿಲ್ಲುತ್ತದೋ ಹಾಗೆಯೇ ಬ್ರಾಕೆಟ್ಟಿಗೆ ತೂರಿಸಿ ಕ್ಲಿಪ್ ಹಾಕಬೇಕು. ಮೈಮೇಲಿನ ಗೆರೆ ಸುರುಳಿಯಾಗಿ ಕಂಡರೆ ಹೋಸ್ ತಿರುಚಿದೆ ಎಂದರ್ಥ. ಕೊನೆಗೆ ಸ್ಟೀಲ್ ಪೈಪಿನ ನಟ್ಟು. ಬಿಗಿಯುವಾಗ ಹೋಸ್ ತುದಿಯನ್ನು ಇನ್ನೊಂದು ಪಾನಾದಿಂದ ಹಿಡಿದಿರಬೇಕು. ನಂತರ ಟೈರಿಂದ 25 ಮಿ.ಮೀ., ಸೈಲೆನ್ಸರ್ ಪೈಪಿನಿಂದ 75 ಮಿ.ಮೀ. ದೂರ ಇದೆಯೇ ಎಂದು ಆರೂ ಸ್ಥಿತಿಯಲ್ಲಿ ಮತ್ತೆ ನೋಡಿದೆ. ಎಡಕ್ಕೆ ಪೂರ್ತಿ ತಿರುಗಿಸಿ ಬಂಪ್ ಸ್ಟಾಪಿಗೆ ಏರಿಸಿದಾಗ ಮಾತ್ರ ಹೋಸ್ ಬ್ಲೇಡಿನ ಯು-ಬೋಲ್ಟಿಗೆ ತಾಗುತ್ತಿತ್ತು. ಬ್ರಾಕೆಟ್ಟನ್ನು 15 ಡಿಗ್ರಿ ಹೊರಕ್ಕೆ ಓರೆ ಮಾಡಿದ ಮೇಲೆ ಬಿಟ್ಟಿತು.

ಹಿಂದಿನ ಆಕ್ಸಲ್ಲಿಗೆ ಚಾಸಿಯಿಂದ, ಪೈಪು ಎರಡಾಗಿ ಕವಲೊಡೆಯುವ ಟೀ ಜೋಡಣೆಯವರೆಗೆ ಒಂದೇ ಹೋಸ್, 400 ಮಿ.ಮೀ. ಪ್ರೊಪೆಲ್ಲರ್ ಶಾಫ್ಟಿನಿಂದ ದೂರಕ್ಕೆ, ಪಕ್ಕಕ್ಕೆ ಬಾಗುವಂತೆ ಹಾಕಿದೆ. ಕೆಳಕ್ಕೆ ಜೋತರೆ ಕಲ್ಲು ಬಡಿಯುತ್ತದೆ.

ಗಾಳಿ ತೆಗೆದಾದ ಮೇಲೆ ಒಬ್ಬರು ಒಂದು ನಿಮಿಷ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಬೇಕು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಪರೀಕ್ಷಿಸಿ, ಆಮೇಲೆ ದಿವೆ ಘಾಟ್ ಇಳಿಸಿ, ಕೆಳಗೆ ನಿಲ್ಲಿಸಿ ಮತ್ತೊಮ್ಮೆ ಹಾಗೇ ಒರೆಸಿದೆ.

ಮುಂದೆಂದಾದರೂ ಒಂದು ಚಕ್ರ ಬಿಸಿಯಾಗಿ ಹಿಡಿಯತೊಡಗಿದರೆ ಕ್ಯಾಲಿಪರ್ ಬದಲಿಸುವ ಮೊದಲು ಹೀಗೆ ಮಾಡಿ. ಆ ಚಕ್ರವನ್ನು ಜಾಕಿಯ ಮೇಲೆತ್ತಿ, ಬ್ರಾಕೆಟ್ ಬಳಿಯ ಸ್ಟೀಲ್ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮೇಲೆ, ಪೆಡಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಕಡೆ. ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ, ಡ್ರಮ್ಮಿನ ಕಾಲದ ರೆಸಿಡ್ಯುವಲ್ ವಾಲ್ವ್ ಅಲ್ಲೇ ಉಳಿದಿರಬಹುದು. ಬಿಡದೆ, ಬ್ಲೀಡರ್ (ಕ್ಯಾಲಿಪರಿನಲ್ಲಿ ಗಾಳಿ ತೆಗೆಯುವ ತಿರುಪು) ತೆರೆದಾಗ ಮಾತ್ರ ಬಿಟ್ಟರೆ ಹೋಸಿನ ಒಳಪದರ ಸಡಿಲಗೊಂಡು ಆಯಿಲ್ ವಾಪಸ್ ಹೋಗದಂತೆ ತಡೆದಿದೆ. ಬ್ಲೀಡರ್ ತೆರೆದರೂ ಬಿಡದಿದ್ದರೆ ಆಗ ಕ್ಯಾಲಿಪರ್ ಬಿಚ್ಚಿ. ಬಿಚ್ಚಿದ ಕ್ಯಾಲಿಪರನ್ನು ತಂತಿ ಕಟ್ಟಿ ಬ್ಲೇಡಿಗೆ ನೇತು ಹಾಕಿ, ಹೋಸಿನ ಮೇಲೆ ಅದರ ಭಾರ ಬೀಳಬಾರದು.