ತರಗು ಒಣಗುವ ಮುಂಚೆಯೇ ಬೆಂಕಿ ಯೋಜನೆ: ಪೋಡಿನವರು ಬರೆಯುವುದು ಹೇಗೆ?

ತಮಿಳುನಾಡಿನ ತಾಳವಾಡಿ, ಹಾಸನೂರು ಕಡೆ ಫೆಬ್ರುವರಿ ಬಂತೆಂದರೆ ಕಾಡೆಲ್ಲ ತರಗು. ಕಾಲಿಟ್ಟರೆ ಸರಬರ ಸದ್ದು, ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿ. ಅದಕ್ಕೆ ಕಿಡಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯಲು ಓಡುವವರಲ್ಲಿ ಪೋಡಿನ, ಅಂದರೆ ಕಾಡಿನ ಹಾಡಿಯ, ಸೋಲಿಗ ಬುಡಕಟ್ಟಿನವರೂ ಇರುತ್ತಾರೆ. ಹಾಗಿದ್ದ ಮೇಲೆ ಬೆಂಕಿ ತಡೆಯುವ ಯೋಜನೆ ಬರೆಯುವಾಗಲೂ ಅವರು ಇರಬೇಕು ಅಲ್ವಾ? 2006ರ ಅರಣ್ಯ ಹಕ್ಕು ಕಾಯ್ದೆ ಅದಕ್ಕೆ ದಾರಿ ಮಾಡಿದೆ. ಇಲ್ಲಿನ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದರಿಂದ ಈ ಹಕ್ಕು ಹೋಗುವುದಿಲ್ಲ.

ಮೊದಲು ಗ್ರಾಮಸಭೆ ಕರೆಯಿರಿ. ಡಿಸೆಂಬರ್ ಒಳಗೆ ಆದರೆ ಒಳ್ಳೆಯದು. ಸದಸ್ಯರಲ್ಲಿ ಅರ್ಧದಷ್ಟಾದರೂ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸೌದೆಗೆ, ನೆಲ್ಲಿಕಾಯಿಗೆ ಓಡಾಡುವ ಅವರಿಗೆ ಯಾವ ಹಳ್ಳದಲ್ಲಿ ತರಗು ಜಾಸ್ತಿ ಎಂದು ಗೊತ್ತು.

ಸಮುದಾಯದ ಕಾಡಿಗೆ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲವೇ? 'ಸಿ' ನಮೂನೆ ತುಂಬಿ ಅರಣ್ಯ ಹಕ್ಕು ಸಮಿತಿಗೆ ಕೊಡಿ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಮಾರಮ್ಮನ ಜಾಗ, ಸಮಾಧಿ, ಹಳೆಯ ಬಾವಿಗಳನ್ನು ನಕ್ಷೆಯಲ್ಲಿ ಗುರುತಿಸಿ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲೇ ಸಮುದಾಯ ಹಕ್ಕು ಪಡೆದಿದ್ದಾರೆ.

ಆಮೇಲೆ ಕಾಡು ಕಾಯುವ ಸಮಿತಿ ಮಾಡಿ, ಯೋಜನೆ ಬರೆಯಿರಿ. ಬೆಂಕಿ ರೇಖೆ (ಬೆಂಕಿ ದಾಟದಂತೆ ತೆರವು ಮಾಡಿದ ಪಟ್ಟಿ) ಎಲ್ಲಿ, ರಸ್ತೆ ಬದಿಯ ತರಗು ಗುಡಿಸುವವರು ಯಾರು, ಲಂಟಾನ ಕಳೆ ಎಲ್ಲಿ ಕೀಳಬೇಕು, ಬೆಂಕಿ ಕಾವಲಿಗೆ ಪೋಡಿನಿಂದ ಯಾರು ಹೋಗುತ್ತಾರೆ, ಅವರ ಕೂಲಿ ಎಷ್ಟು, ಎಲ್ಲವೂ ಇರಲಿ. ಕೂಲಿಯ ಮಾತನ್ನು ಸಂಕೋಚದಿಂದ ಬಿಡಬೇಡಿ. ಜೀವ ಒತ್ತೆ ಇಡುವ ಕೆಲಸ ಅದು. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಸತ್ತರು.

ಇನ್ನು ತರಗು ಬೆಂಕಿ. ಹಿಂದೆ ಸೋಲಿಗರು ನೆಲದಲ್ಲಿ ಇನ್ನೂ ತಂಪಿರುವಾಗಲೇ ತರಗಿಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ನೆಲ ನೆಕ್ಕಿಕೊಂಡು ಹೋಗುವ ಬೆಂಕಿ, ಮರದ ತಲೆ ಮುಟ್ಟುವುದಿಲ್ಲ. ಆ ಪದ್ಧತಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಬಂದಳಿಕೆ ಏರಿತು ಎನ್ನುತ್ತಾರೆ ಹಿರಿಯರು. ಲಂಟಾನ ಪೊದೆ ಸೊಂಟದೆತ್ತರ ಒಣಗಿ ನಿಂತರೆ ನೆಲದ ಬೆಂಕಿಗೆ ಅದೇ ಏಣಿ. ನನಗೆ ಅವರ ಮಾತು ಸರಿ ಅನ್ನಿಸುತ್ತದೆ. ಆದರೆ ನೀವಾಗಿಯೇ ಸುಮ್ನೆ ಕಡ್ಡಿ ಗೀರಬೇಡಿ. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ಯಾವ ಜಾಗ, ಯಾವ ವಾರ, ಎಷ್ಟು ಜನ ಜೊತೆಗಿರುತ್ತಾರೆ ಎಂದು ಯೋಜನೆಯಲ್ಲೇ ಬರೆದು, ಅರಣ್ಯ ಇಲಾಖೆಯೇ ಮುಂದೆ ನಿಂತು ಮಾಡಲಿ ಎಂದು ಕೇಳಿ.

ಗ್ರಾಮಸಭೆಯ ಯೋಜನೆಯನ್ನು ಇಲಾಖೆಯ ಯೋಜನೆಯೊಳಗೆ ಸೇರಿಸುವುದಕ್ಕೆ ಅರಣ್ಯ ಹಕ್ಕು ನಿಯಮಗಳಲ್ಲೇ ಅವಕಾಶವಿದೆ. ಠರಾವನ್ನು ಸಭೆಯಲ್ಲಿ ಕನ್ನಡದಲ್ಲಿ ಓದಿ ಒಪ್ಪಿಗೆ ಪಡೆಯಿರಿ, ಕಚೇರಿಗೆ ತಮಿಳು ಪ್ರತಿ ಕೊಡಿ. ತಮಿಳುನಾಡಿನ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೋಲಿಗರ ಹೆಸರು 'ಶೋಲಗ' ಎಂದಿದೆ, ಹಾಗೆಯೇ ಬರೆಯಿರಿ. ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ಇಸ್ಕೊಳ್ಳಿ.

ಕೊನೆಗೆ, ಪೋಡಿನ ಇಬ್ಬರ ಮೊಬೈಲ್ ನಂಬರನ್ನು ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆಯಲ್ಲಿ ನೋಂದಾಯಿಸಿ. ಉಪಗ್ರಹಕ್ಕೆ ಬೆಂಕಿ ಕಂಡರೆ ಎಸ್‌ಎಂಎಸ್ ಬರುತ್ತದೆ. ಸಿಗ್ನಲ್ ಸಿಗುವ ದಿಣ್ಣೆಯ ಮನೆಯವರದ್ದೇ ನಂಬರ್ ಕೊಡಿ.