ಮೊದಲು ಕುರ್ಚಿಯ ಬೆನ್ನು ನೋಡಿ: ಚಂಡೀಗಢದ 57ನೇ ನಂಬರ್ ಮನೆಗೆ ಹೋಗುವವರಿಗೆ

31 ವರ್ಷ ಸರ್ಕಾರಿ ಕಚೇರಿಯಲ್ಲಿ ಸ್ಟೋರ್ ಕ್ಲರ್ಕ್ ಆಗಿದ್ದವನು ನಾನು. ಯಾವ ಕುರ್ಚಿ ಕಂಡರೂ ಹಿಂದೆ ನಂಬರ್ ಬರೆದಿದೆಯಾ ಅಂತ ಬಗ್ಗಿ ನೋಡುವ ಚಟ. ಮಗಳ ಮನೆಗೆಂದು ಮೊಹಾಲಿಗೆ ಹೋದಾಗ ಅದು ಉಪಯೋಗಕ್ಕೆ ಬಂತು.

ಪಕ್ಕದ ಚಂಡೀಗಢದ ಸೆಕ್ಟರ್ 5ರಲ್ಲಿ ವಾಸ್ತುಶಿಲ್ಪಿ ಪಿಯರ್ ಜಾನರೆ ಇದ್ದ 57ನೇ ನಂಬರ್ ಮನೆ ಈಗ ಮ್ಯೂಸಿಯಂ. 2017ರಲ್ಲಿ ತೆರೆದರು. ನಗರದ ನಕ್ಷೆ ಹಾಕಿದ ಲೆ ಕಾರ್ಬೂಸಿಯರ್ ಆಗಾಗ ಬಂದು ಹೋಗುತ್ತಿದ್ದರು. ಅವರ ದಾಯಾದಿ ಜಾನರೆ ಮಾತ್ರ 1951ರಲ್ಲಿ ಬಂದವರು 1965ರವರೆಗೆ ಇಲ್ಲೇ ಉಳಿದು ಕೆಲಸ ಮಾಡಿಸಿದರು. ಇಲ್ಲಿನ ಸರ್ಕಾರಿ ಕಚೇರಿಗಳ ಎಷ್ಟೋ ಕುರ್ಚಿಗಳ ವಿನ್ಯಾಸವೂ ಅವರದೇ.

ನಾನು ಮೊದಲ ಸಲ 20 ನಿಮಿಷದಲ್ಲಿ ಫೋಟೋ ಹೊಡೆದು ಆಚೆ ಬಂದೆ. ‘ಏನು ನೋಡಿದ್ರಿ ಅಪ್ಪಾ?’ ಅಂತ ಮಗಳು ಕೇಳಿದಾಗ ಮಾತು ಬರಲಿಲ್ಲ. ಆಮೇಲೆ ಇನ್ನೊಂದು ಸಲ ಹೋದೆ. ನೀವು ಎರಡು ಸಲ ಆಟೋಗೆ ದುಡ್ಡು ಕೊಡಬೇಕಿಲ್ಲ.

ಸೋಮವಾರ ಹೋಗಬೇಡಿ, ರಜೆ. ಮ್ಯೂಸಿಯಂಗೆ ಹೋಗುವ ಮೊದಲು ಸೆಕ್ಟರ್ 22ರಲ್ಲಿ ಸುಮ್ನೆ ಅರ್ಧ ಗಂಟೆ ನಡೆಯಿರಿ. ಹಳೆಯ ಸರ್ಕಾರಿ ಕ್ವಾರ್ಟರ್ಸ್ ಅಲ್ಲಿವೆ. ಮುಖ್ಯಮಂತ್ರಿಯಿಂದ ಜವಾನರವರೆಗೆ 13 ದರ್ಜೆಯ ಮನೆಗಳಿಗೆ ಜಾನರೆ ಮತ್ತು ಇಂಗ್ಲೆಂಡಿನ ವಾಸ್ತುಶಿಲ್ಪಿಗಳಾದ ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಸೇರಿ ನಕ್ಷೆ ಮಾಡಿದ್ದರು. ದುಡ್ಡು ಕಮ್ಮಿ, ಇಟ್ಟಿಗೆ ಅಗ್ಗ. ಗೋಡೆಯಲ್ಲಿ ಇಟ್ಟಿಗೆ ಬಿಟ್ಟು ಬಿಟ್ಟು ಜೋಡಿಸಿದ ಜಾಲಂದ್ರ ಕಾಣುತ್ತದೆ. ಗಾಳಿ ಒಳಗೆ ಬರುತ್ತದೆ, ಬಿಸಿಲು ಹೊರಗೇ ನಿಲ್ಲುತ್ತದೆ. ಇದು ತಲೆಯಲ್ಲಿದ್ದರೆ 57ನೇ ನಂಬರ್ ಮನೆಯ ಇಟ್ಟಿಗೆ ಬರೀ ಅಲಂಕಾರ ಅನ್ನಿಸುವುದಿಲ್ಲ.

ಒಳಗೆ ಹೋದ ಮೇಲೆ ಒಂದೇ ಒಂದು ಬೆತ್ತದ ಕುರ್ಚಿ ಆರಿಸಿಕೊಳ್ಳಿ. ಎಲ್ಲವನ್ನೂ ನೋಡಲು ಹೋದರೆ ಯಾವುದೂ ನೆನಪಿರುವುದಿಲ್ಲ. ಮಂಡಿ ಗಟ್ಟಿಯಿದ್ದರೆ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂರಿ. ನಿಂತು ನೋಡಿದರೆ ಬರೀ ಸೀಟು ಕಾಣುತ್ತದೆ, ಕೆಲಸ ಇರುವುದು ಕೆಳಗೆ. ಪಕ್ಕದಿಂದ ಕಾಲುಗಳು ಬಿಡಿಸಿಟ್ಟ ಕಂಪಾಸಿನ ಹಾಗಿವೆ: ಮೇಲೆ ಸೇರಿ, ಕೆಳಗೆ ಅಗಲವಾಗಿ. ಕಚೇರಿಯಲ್ಲಿ ಕುರ್ಚಿ ಎತ್ತಿಡುವವರು ಯಾರು? ಎಳೆಯುವವರೇ ಎಲ್ಲ. ನೆಟ್ಟಗಿನ ಕಾಲಿನ ಕುರ್ಚಿಗಳ ಜಾಯಿಂಟ್ ಹಾಗೆ ಸಡಿಲವಾಗಿದ್ದನ್ನು ನೂರಾರು ಸಲ ಕಂಡಿದ್ದೇನೆ. ಇವು ಎಳೆತ ತಡೆಯುತ್ತವೆ ಅಂತ ನನ್ನ ಲೆಕ್ಕ.

ಮರ ತೇಗ. ಗೆದ್ದಲಿಗೂ ಮಳೆಗಾಲಕ್ಕೂ ಜಗ್ಗದ್ದು. ಬೆತ್ತದ ಹೆಣಿಗೆಯನ್ನು ಹತ್ತಿರದಿಂದ ನೋಡಿ. ಹೊಸದು ತಿಳಿ ಹಳದಿ, ಹಳೆಯದು ಬೆಲ್ಲದ ಬಣ್ಣ. ಎರಡೂ ಒಂದೇ ಕುರ್ಚಿಯಲ್ಲಿದ್ದರೆ ಅದು ರಿಪೇರಿ ಆಗಿದೆ ಅಂತ ಅರ್ಥ. ಮುಟ್ಟಬೇಡಿ. ನಾನು ಬೆರಳು ಇಟ್ಟೆ, ಕಾವಲಿನವರು ಕೆಮ್ಮಿದರು.

ಈಗ ಹಿಂದೆ ಹೋಗಿ. ಈ ಊರಿನ ಇಂಥ ಎಷ್ಟೋ ಕುರ್ಚಿಗಳ ಬೆನ್ನಿಗೆ ಇಲಾಖೆಯ ಹೆಸರು, ನಂಬರ್ ಬಣ್ಣದಲ್ಲಿ ಬರೆದಿರುತ್ತದೆ. ಹೈಕೋರ್ಟಿನದೋ, ಯೂನಿವರ್ಸಿಟಿಯದೋ ಗೊತ್ತಾಗುತ್ತದೆ. ಅದನ್ನು ಕಂಡಾಗ ನನಗೆ ಸ್ವಲ್ಪ ಸಂಕಟವಾಯಿತು. ನಮ್ಮ ಕಚೇರಿಯಲ್ಲೂ ತೇಗದ, ಬೆತ್ತದ ಕುರ್ಚಿಗಳಿದ್ದವು. ಬೆತ್ತ ಹರಿದಿತ್ತು, ಅಷ್ಟೇ. ‘ದುರಸ್ತಿಗೆ ಯೋಗ್ಯವಲ್ಲ’ ಅಂತ 40 ಕುರ್ಚಿಗಳ ಪಟ್ಟಿ ನನ್ನ ಕೈಯಲ್ಲೇ ಬರೆದೆ. ಸೌದೆ ಲೆಕ್ಕದಲ್ಲಿ ಹೋದವು. ಚಂಡೀಗಢದಲ್ಲೂ ಇದೇ ಕಥೆ. ಮಹಡಿ ಮೇಲೆ, ಹಿತ್ತಲಲ್ಲಿ ರಾಶಿ ಬಿದ್ದಿದ್ದನ್ನು ಹರಾಜು ಹಾಕಿದರು. ಹೊರದೇಶದ ವ್ಯಾಪಾರಿಗಳು ಕೊಂಡು, ಪಾಲಿಶ್ ಮಾಡಿಸಿ, ಲಕ್ಷಗಟ್ಟಲೆಗೆ ಮಾರಿದರು. ಮಾರಬೇಡಿ ಅಂತ ಕೇಂದ್ರ ಗೃಹ ಇಲಾಖೆ ಹೇಳುವ ಹೊತ್ತಿಗೆ 2011 ಆಗಿತ್ತು.

ಸಮಯವಿದ್ದರೆ ಸೆಕ್ಟರ್ 19ರ ಲೆ ಕಾರ್ಬೂಸಿಯರ್ ಸೆಂಟರ್‌ಗೂ ಹೋಗಿ. ಅದು ಹಿಂದೆ ಇವರೆಲ್ಲ ಕೂತು ಕೆಲಸ ಮಾಡುತ್ತಿದ್ದ ಕಚೇರಿ. ಸೆಕ್ಟರ್ 1ರ ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೆ ಗುರುತಿನ ಚೀಟಿ ಬೇಕು, ಮರೆಯಬೇಡಿ.

ಸಂಜೆ ಸುಖ್ನಾ ಕೆರೆ ಏರಿ ಮೇಲೆ ಕೂರಿ. 57ನೇ ನಂಬರಿನಿಂದ ದೂರವೇನಿಲ್ಲ. ಜಾನರೆ 1967ರಲ್ಲಿ ತೀರಿಕೊಂಡರು. ಅವರ ಆಸೆಯಂತೆ ಬೂದಿಯನ್ನು ಇದೇ ನೀರಿಗೆ ಬಿಟ್ಟರು. ಆ ಹೊತ್ತಿಗೆ ವಾಕಿಂಗ್ ಬರುವವರು ಜಾಸ್ತಿ, ಬೆಂಚು ಬೇಕಿದ್ದರೆ ಸ್ವಲ್ಪ ಬೇಗ ಹೋಗಿ.