4294967297 ಅವಿಭಾಜ್ಯವಾ? ಪೆನ್ನು-ಪೇಪರಲ್ಲೇ ನೋಡುವ ದಾರಿ

429 ಕೋಟಿ 49 ಲಕ್ಷ 67 ಸಾವಿರದ 297. ಅಂದರೆ 2³² + 1. 2ರ ಘಾತವಾಗಿ 1, 2, 4, 8, 16 ಹಾಕಿ 1 ಕೂಡಿದರೆ ಸಿಗುವ, ಇದೇ ಸಾಲಿನ 3, 5, 17, 257, 65537 ಐದೂ ಅವಿಭಾಜ್ಯಗಳು, ಹಾಗಾಗಿ ಇದೂ ಅವಿಭಾಜ್ಯವೇ ಇರಬೇಕು ಅಂತ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದರು. ಕಂಪ್ಯೂಟರ್ ಇಲ್ಲದ ಕಾಲ ಅದು. ನಾವೂ ಹಾಗೇ ಮಾಡೋಣ.

ಮೊದಲು ಸುಲಭದ್ದು ಮುಗಿಸಿ. ಕೊನೆಯ ಅಂಕಿ 7, ಹಾಗಾಗಿ 2ರಿಂದಲೂ 5ರಿಂದಲೂ ಭಾಗ ಹೋಗಲ್ಲ. ಅಂಕಿಗಳನ್ನು ಕೂಡಿದರೆ 59, ಆದ್ದರಿಂದ 3 ಕೂಡ ಔಟ್. 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು, ಯಾಕೆಂದರೆ ಮೂರನ್ನೂ ಗುಣಿಸಿದರೆ 1001: ಬಲಗಡೆಯಿಂದ ಮೂರು ಮೂರು ಅಂಕಿ ಬೇರೆ ಮಾಡಿ, ಒಂದನ್ನು ಕೂಡಿ ಇನ್ನೊಂದನ್ನು ಕಳೆಯುತ್ತಾ ಹೋಗಿ. 297 − 967 + 294 − 4 = −380. 380 ಈ ಮೂರರಲ್ಲಿ ಯಾವುದರಿಂದಲೂ ಭಾಗ ಹೋಗಲ್ಲ. ಮುಗೀತು.

ಆದರೆ ಹೀಗೇ ಒಂದೊಂದಾಗಿ ಹೋದರೆ ಕಷ್ಟ. ವರ್ಗಮೂಲ 65536ಕ್ಕಿಂತ ಚೂರೇ ಚೂರು ಜಾಸ್ತಿ, ಅಲ್ಲಿವರೆಗೆ 6542 ಅವಿಭಾಜ್ಯಗಳಿವೆ. ಯಾರಿಗಿದೆ ಅಷ್ಟು ಪುರುಸೊತ್ತು?

ಇಲ್ಲೇ ಮಜಾ ಇರೋದು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು ಅಂತ ಆಯ್ಲರ್ ಕಂಡುಕೊಂಡರು. ಆಮೇಲೆ ಫ್ರೆಂಚ್ ಗಣಿತಜ್ಞ ಲುಕಾ ಅದನ್ನು 128ಕ್ಕೆ ಬಿಗಿ ಮಾಡಿದರು. ಈಗ ಪಟ್ಟಿ ಬರೆಯಿರಿ: 129, 257, 385, 513, 641. ಇವುಗಳಲ್ಲಿ ಅವಿಭಾಜ್ಯಗಳು ಎರಡೇ, 257 ಮತ್ತು 641. 257ರ ಲೆಕ್ಕದಲ್ಲಿ (ಅಂದರೆ 257ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡಿದರೆ) 2⁸ ಅಂದರೆ −1, ಹಾಗಾಗಿ 2³² ಅಂದರೆ 1, ಶೇಷ 2 ಉಳಿಯುತ್ತದೆ. ಉಳಿದಿದ್ದು 641.

ಸುಮ್ನೆ ಭಾಗಿಸಿದರೂ ಸರಿ, ಆದರೆ ಇನ್ನೂ ಚೆಂದದ ದಾರಿ ಇದೆ. 641 = 5 × 2⁷ + 1, ಅಂದರೆ 641ರ ಲೆಕ್ಕದಲ್ಲಿ 5 × 2⁷ ಮತ್ತು −1 ಎರಡೂ ಒಂದೇ. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ ಅಂದರೆ 1. ಇತ್ತ 641 = 5⁴ + 2⁴ ಕೂಡ ಹೌದು (625 + 16), ಅದಕ್ಕೆ 5⁴ ಜಾಗದಲ್ಲಿ −2⁴ ಹಾಕಿ. −2³² ಅಂದರೆ 1 ಅಂತಾಯಿತು, ಅಲ್ಲಿಗೆ 2³² + 1ರ ಶೇಷ ಸೊನ್ನೆ!

ಭಾಗಲಬ್ಧ 6700417. ಇದನ್ನು ಇನ್ನೂ ಒಡೆಯಬಹುದಾ? ಅದರ ವರ್ಗಮೂಲ ಸುಮಾರು 2588, ಅದೇ 128ರ ನಿಯಮ ಹಾಕಿದರೆ ಪರೀಕ್ಷಿಸಬೇಕಾದ್ದು 641, 769, 1153, 1409 ನಾಲ್ಕೇ (257 ಆಗಲೇ ಔಟ್). ಯಾವುದರಿಂದಲೂ ಭಾಗ ಹೋಗಲ್ಲ, ಹಾಗಾಗಿ ಅದು ಅವಿಭಾಜ್ಯ. ಒಟ್ಟಿನಲ್ಲಿ ನಮ್ಮ ಸಂಖ್ಯೆಗೆ ಭಾಜಕಗಳು ನಾಲ್ಕು ಮಾತ್ರ.

ಇನ್ನೊಂದು ಸಾಕ್ಷಿ ಬೇಕಾದರೆ: 65536² + 1² ಮತ್ತು 62264² + 20449² ಎರಡೂ ಇದೇ ಸಂಖ್ಯೆ. ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿ ಬರೆಯೋಕೆ ಆಗಲ್ಲ.

ಇದು ಸುಲಭ ಅನಿಸಿದರೆ 2⁶⁴ + 1 ಹಿಡಿಯಿರಿ. ಅಲ್ಲಿ 128ರ ಬದಲು 256, ಮೊದಲ ಭಾಜಕ 274177, ಅಂದರೆ 256 × 1071 + 1. ಟೀ ಮಾಡಿಟ್ಟುಕೊಂಡೇ ಕೂತ್ಕೊಳ್ಳಿ.